ಕಲ್ಪನೆಯನ್ನೂ ಸಾಕ್ಷ್ಯವನ್ನೂ ಒಂದೇ ಚಿತ್ರದಲ್ಲಿ ಹೆಣೆಯುವ ಬಗೆ

ಗಡಿಯಾರ ದುರಸ್ತಿ ಮಾಡುವ ಹಿರಿಯರೊಬ್ಬರು ತಾವು ದಶಕಗಳ ಕಾಲ ನಡೆಸಿದ ಅಂಗಡಿಯನ್ನು ಇನ್ನೊಂದು ತಿಂಗಳಲ್ಲಿ ಮುಚ್ಚಲಿದ್ದಾರೆ, ಅವರ ಬಗ್ಗೆ ಇಪ್ಪತ್ತು ನಿಮಿಷದ ಚಿತ್ರವೊಂದನ್ನು ಮಾಡಲು ನೀವು ಹೊರಟಿದ್ದೀರಿ ಎಂದುಕೊಳ್ಳಿ. ಮೂರು ದಿನ ಕ್ಯಾಮೆರಾ ಹಿಡಿದು ಕೂತರೂ ನಿಮಗೆ ದಕ್ಕಿದ್ದು ಅವರ ಕೈಗಳು, ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ಮತ್ತು ಕೇಳಿದ್ದಕ್ಕೆಲ್ಲ ಅವರು ಸೌಜನ್ಯದಿಂದ ಕೊಟ್ಟ ಚಿಕ್ಕ ಚಿಕ್ಕ ಉತ್ತರಗಳು ಮಾತ್ರ. ಅಂಗಡಿಗೆ ಗಿರಾಕಿಗಳೇ ಬರುತ್ತಿಲ್ಲ. ಬಂದರೆ ತಾನೆ ಅವರ ಬಾಯಿ ತೆರೆಯುವುದು? ಆಗ ನಿಮಗೊಂದು ಉಪಾಯ ಹೊಳೆಯುತ್ತದೆ. ತೀರಿಕೊಂಡ ತಂದೆಯ ಕೈಗಡಿಯಾರವೊಂದನ್ನು ಹಿಡಿದುಕೊಂಡು ಬರುವ ಮಗಳ ಪಾತ್ರವನ್ನು ಕಲ್ಪಿಸಿ, ಅದನ್ನು ಒಬ್ಬ ನಟಿಗೆ ವಹಿಸಿ, ಆಕೆಯನ್ನು ಅಂಗಡಿಗೆ ಕಳುಹಿಸಿದರೆ ಹೇಗೆ? ಹಿರಿಯರು ನಿಜ, ಅಂಗಡಿ ನಿಜ, ಗಡಿಯಾರ ಕೆಟ್ಟು ನಿಂತಿರುವುದೂ ನಿಜ; ಮಗಳು ಮತ್ತು ಆಕೆಯ ತಂದೆ ಮಾತ್ರ ಕಲ್ಪಿತರು. ಈ ಉಪಾಯವನ್ನು ಒಪ್ಪಿಕೊಂಡ ಕ್ಷಣದಿಂದ ನಿಮ್ಮ ಕೆಲಸ ಬರಿಯ ಸಾಕ್ಷ್ಯಚಿತ್ರವಾಗಿ ಉಳಿಯುವುದಿಲ್ಲ, ಹಾಗೆಂದು ಪೂರ್ತಿ ಕಥಾಚಿತ್ರವೂ ಆಗುವುದಿಲ್ಲ. ಅದನ್ನು ಡಾಕ್ಯುಫಿಕ್ಷನ್ ಎನ್ನುವವರಿದ್ದಾರೆ; ನಾನು ಇಲ್ಲಿ ಸರಳವಾಗಿ ಮಿಶ್ರ ಚಿತ್ರ ಎಂದು ಕರೆಯುತ್ತೇನೆ.

ಇಂಥ ಚಿತ್ರವನ್ನು ಮೊದಲ ಬಾರಿಗೆ ಮಾಡಲು ಹೊರಟವರಿಗಾಗಿ ಈ ಬರಹ. ಮುಂದೆ ಹೇಳುವುದೆಲ್ಲವೂ ಒಂದೇ ನಂಬಿಕೆಯ ಮೇಲೆ ನಿಂತಿದೆ: ಸಂದರ್ಭವನ್ನು ನಾವು ಕಲ್ಪಿಸಬಹುದು, ಆದರೆ ಆ ಸಂದರ್ಭದಲ್ಲಿ ನಿಜವಾದ ಮನುಷ್ಯನೊಬ್ಬನಿಂದ ಹೊರಡುವ ಪ್ರತಿಕ್ರಿಯೆಯನ್ನು ಕಲ್ಪಿಸಬಾರದು. ಮಗಳನ್ನು ಹುಟ್ಟಿಸುವ ಸ್ವಾತಂತ್ರ್ಯ ನಿಮಗಿದೆ. ಅವಳ ಮಾತು ಕೇಳಿ ಹಿರಿಯರ ಮುಖದಲ್ಲಿ ಏನು ಮೂಡಿತೋ ಅದನ್ನು ಬದಲಿಸುವ ಸ್ವಾತಂತ್ರ್ಯ ಇಲ್ಲ.

ಮೊದಲು ಬೆರಕೆಯ ಬಗೆಯನ್ನು ಗುರುತಿಸಿಕೊಳ್ಳಿ

ಸಾಕ್ಷ್ಯಚಿತ್ರ ಮೊದಲು ಶುದ್ಧವಾಗಿತ್ತು, ಬೆರಕೆ ಆಮೇಲೆ ಬಂತು ಎಂಬ ಭಾವನೆ ಅನೇಕರಲ್ಲಿದೆ. ವಾಸ್ತವ ಹಾಗಿಲ್ಲ. ರಾಬರ್ಟ್ ಫ್ಲಾಹರ್ಟಿಯ 1922ರ ‘ನಾನೂಕ್ ಆಫ್ ದಿ ನಾರ್ತ್’ ಚಿತ್ರದಲ್ಲಿ ನಾನೂಕ್ ಎಂದು ಕರೆಸಿಕೊಂಡ, ಉತ್ತರ ಕೆನಡಾದ ಇನ್ಯೂಟ್ ಸಮುದಾಯದ ಬೇಟೆಗಾರನ ನಿಜವಾದ ಹೆಸರು ಅಲ್ಲಕರಿಯಲ್ಲಕ್. ಅವನ ಕಾಲದ ಬೇಟೆಗಾರರು ಆಗಲೇ ಬಂದೂಕು ಬಳಸುತ್ತಿದ್ದರೂ ಚಿತ್ರಕ್ಕಾಗಿ ಈಟಿ ಹಿಡಿದರು. ಹಿಮದ ಮನೆಯೊಳಗೆ ಬೆಳಕು ಸಾಲದೆಂದು ಅದರ ಒಂದು ಪಕ್ಕವನ್ನೇ ತೆರೆದಿಟ್ಟು ಚಿತ್ರೀಕರಿಸಲಾಯಿತು. ‘ಡಾಕ್ಯುಮೆಂಟರಿ’ ಎಂಬ ಮಾತನ್ನು ಜಾನ್ ಗ್ರಿಯರ್ಸನ್ 1926ರಲ್ಲಿ ಚಲಾವಣೆಗೆ ತಂದದ್ದು ಇದೇ ಫ್ಲಾಹರ್ಟಿಯ ಮುಂದಿನ ಚಿತ್ರ ‘ಮೊವಾನಾ’ದ ವಿಮರ್ಶೆಯಲ್ಲಿ. ಹೆಸರು ಹುಟ್ಟುವ ಮೊದಲೇ ಬೆರಕೆ ಹುಟ್ಟಿತ್ತು ಎಂದಾಯಿತು. ನನ್ನ ಮಟ್ಟಿಗೆ ಆ ಮೂರು ಸಂಗತಿಗಳೂ ಒಂದೇ ತೂಕದವಲ್ಲ. ಬೆಳಕಿಗಾಗಿ ಗೋಡೆ ತೆರೆದದ್ದು ಕಸುಬಿನ ಅಗತ್ಯ. ಆದರೆ ಜೀವಂತ ಸಮುದಾಯವೊಂದಕ್ಕೆ ತನ್ನ ವರ್ತಮಾನವೇ ಇಲ್ಲವೆಂಬಂತೆ ಬಂದೂಕನ್ನು ಮರೆಮಾಡಿದ್ದು ಆ ಜನರ ಬಗ್ಗೆ ಹೇಳಿದ ಸುಳ್ಳು. ಈ ವ್ಯತ್ಯಾಸವನ್ನು ಕಾಣುವ ಕಣ್ಣು ಮಿಶ್ರ ಚಿತ್ರ ಮಾಡುವವರಿಗೆ ಕ್ಯಾಮೆರಾಕ್ಕಿಂತ ಮೊದಲು ಬೇಕು.

ಬೆರಕೆಯಲ್ಲಿ ಹಲವು ಬಗೆಗಳಿವೆ. ನಿಜವಾದ ವ್ಯಕ್ತಿಗಳು ತಮ್ಮ ಬದುಕಿನಲ್ಲಿ ನಡೆದದ್ದನ್ನು ತಾವೇ ಮತ್ತೆ ಅಭಿನಯಿಸಿ ತೋರಿಸುವುದು ಒಂದು. ಅಬ್ಬಾಸ್ ಕಿಯರೊಸ್ತಾಮಿಯ 1990ರ ‘ಕ್ಲೋಸ್-ಅಪ್’ನಲ್ಲಿ, ನಿರ್ದೇಶಕ ಮೊಹ್ಸೆನ್ ಮಖ್ಮಲ್ಬಾಫ್ ತಾನೇ ಎಂದು ಹೇಳಿಕೊಂಡು ಒಂದು ಕುಟುಂಬವನ್ನು ನಂಬಿಸಿದ್ದ ಹುಸೇನ್ ಸಬ್ಜಿಯಾನ್ ತನ್ನ ಪಾತ್ರವನ್ನು ತಾನೇ ವಹಿಸಿದ, ಮೋಸಹೋದ ಕುಟುಂಬವೂ ತನ್ನ ಪಾತ್ರವನ್ನು ತಾನೇ ವಹಿಸಿತು, ವಿಚಾರಣೆ ಮಾತ್ರ ನಿಜವಾಗಿ ನಡೆಯುತ್ತಿದ್ದಾಗಲೇ ಚಿತ್ರಿತವಾಯಿತು. ನಟರನ್ನು ನಿಜವಾದ ಜನರ ನಡುವೆ ಬಿಡುವುದು ಇನ್ನೊಂದು ಬಗೆ: ಕ್ಲೋಯಿ ಜಾವ್ ನಿರ್ದೇಶಿಸಿದ 2020ರ ‘ನೋಮ್ಯಾಡ್‌ಲ್ಯಾಂಡ್’ನಲ್ಲಿ ಫ್ರಾನ್ಸಿಸ್ ಮೆಕ್‌ಡೊರ್ಮಂಡ್ ಕಲ್ಪಿತ ಪಾತ್ರವಾಗಿ, ವಾಹನಗಳಲ್ಲೇ ಬದುಕುವ ನಿಜವಾದ ಅಲೆಮಾರಿಗಳ ಜೊತೆ ಕೂತು ಮಾತಾಡುತ್ತಾರೆ. ಕ್ಯಾಮೆರಾದ ಮುಂದೆ ಬರಲಾರದವರ ಜಾಗದಲ್ಲಿ ನಟರನ್ನು ನಿಲ್ಲಿಸುವುದು ಮತ್ತೊಂದು. ಕೌಥರ್ ಬೆನ್ ಹನಿಯಾರ 2023ರ ‘ಫೋರ್ ಡಾಟರ್ಸ್’ನಲ್ಲಿ ದೂರವಾದ ಇಬ್ಬರು ಹೆಣ್ಣುಮಕ್ಕಳ ಪಾತ್ರವನ್ನು ನಟಿಯರು ವಹಿಸಿದರೆ, ತಾಯಿ ಮತ್ತು ಉಳಿದ ಇಬ್ಬರು ಮಕ್ಕಳು ತಾವಾಗಿಯೇ ಇದ್ದಾರೆ. ಕೊನೆಯದು, ಎಲ್ಲವನ್ನೂ ಕಲ್ಪಿಸಿ ಸಾಕ್ಷ್ಯಚಿತ್ರದ ಉಡುಪನ್ನು ಮಾತ್ರ ತೊಡಿಸುವ ಮಾಕ್ಯುಮೆಂಟರಿ.

ನಿಮ್ಮ ವಸ್ತು ಇವುಗಳಲ್ಲಿ ಯಾವುದಕ್ಕೆ ಸೇರುತ್ತದೆ ಎಂದು ನಿರ್ಧರಿಸುವ ಮೊದಲು, ಬೆರಕೆ ಬೇಕೇ ಬೇಕೇ ಎಂಬುದನ್ನು ಪರೀಕ್ಷಿಸಿಕೊಳ್ಳಿ. ಪೂರ್ತಿ ಸಾಕ್ಷ್ಯಚಿತ್ರವಾಗಿ ಮಾಡಿದರೆ ಏನು ಕೈತಪ್ಪುತ್ತದೆ, ಪೂರ್ತಿ ಕಥೆಯಾಗಿ ಮಾಡಿದರೆ ಏನು ಕೈತಪ್ಪುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಒಂದೊಂದು ವಾಕ್ಯದಲ್ಲಿ ಉತ್ತರ ಬರೆಯಿರಿ. ಗಡಿಯಾರದ ಅಂಗಡಿಯ ಮಟ್ಟಿಗೆ ಮೊದಲನೆಯದಕ್ಕೆ ಉತ್ತರ: ಗಿರಾಕಿಯ ಎದುರು ಮಾತ್ರ ಅರಳುವ ಅವರ ಮಾತು. ಎರಡನೆಯದಕ್ಕೆ: ಯಾವ ನಟನೂ ಕೆಲವು ವಾರಗಳಲ್ಲಿ ಕಲಿಯಲಾಗದ ಆ ಬೆರಳುಗಳ ತಾಳ್ಮೆ. ಎರಡರಲ್ಲಿ ಒಂದಕ್ಕೆ ಉತ್ತರ ಹೊಳೆಯದಿದ್ದರೆ ಬೆರಕೆಯ ಆಸೆಯನ್ನು ಬಿಟ್ಟು, ಉತ್ತರ ಸಿಕ್ಕಿದ ದಾರಿಯಲ್ಲೇ ಹೋಗುವುದು ಮೇಲು.

ಗೆರೆಯ ಪುಸ್ತಕ

ನಿಜಕ್ಕೂ ಕಲ್ಪನೆಗೂ ನಡುವಿನ ಗೆರೆಯನ್ನು ಗುರುತಿಸಿಡಲು ಒಂದು ನೋಟ್‌ಪುಸ್ತಕ ತೆಗೆದುಕೊಂಡು ಪ್ರತಿ ದೃಶ್ಯಕ್ಕೂ ಒಂದು ಪುಟ ಮೀಸಲಿಡಿ. ಪುಟದಲ್ಲಿ ಐದು ಸಂಗತಿಗಳನ್ನು ಬರೆಯಿರಿ: ಸ್ಥಳ, ವ್ಯಕ್ತಿ, ಘಟನೆ, ಮಾತು, ಕಾಲ. ಪ್ರತಿಯೊಂದರ ಎದುರು ಅದು ನಿಜವೋ, ಕಲ್ಪಿತವೋ, ಮರುಸೃಷ್ಟಿಯೋ ಎಂದು ಗುರುತು ಹಾಕಿ. ಮಗಳು ಮೊದಲ ಸಲ ಅಂಗಡಿಗೆ ಬರುವ ದೃಶ್ಯದಲ್ಲಿ ಸ್ಥಳ ನಿಜ, ಹಿರಿಯರು ನಿಜ, ಮಗಳು ಕಲ್ಪಿತ, ಭೇಟಿ ಕಲ್ಪಿತ, ಹಿರಿಯರ ಮಾತು ನಿಜ, ಮಗಳ ಮಾತು ಕಲ್ಪಿತ. ಕಾಲದ ವಿಷಯದಲ್ಲಿ ಎಚ್ಚರ ಬೇಕು: ಅಂಗಡಿ ಮುಚ್ಚಿದ ಮೇಲೆ ಮತ್ತೆ ತೆರೆಸಿ ಚಿತ್ರೀಕರಿಸಿದರೆ ಅದು ಮರುಸೃಷ್ಟಿ, ಅದನ್ನು ಹಾಗೆಯೇ ಬರೆದಿಡಿ. ಈ ಪುಸ್ತಕ ಆರಂಭದಲ್ಲಿ ಅನಗತ್ಯ ಶಿಸ್ತಿನಂತೆ ಕಾಣಬಹುದು. ಆರು ತಿಂಗಳ ನಂತರ ಸಂಕಲನದ ಮೇಜಿನಲ್ಲಿ, ಯಾವ ಶಾಟ್ ತಾನಾಗಿ ಒದಗಿತು, ಯಾವುದನ್ನು ನೀವು ಕೇಳಿ ಮಾಡಿಸಿದಿರಿ ಎಂಬುದು ನಿಮಗೇ ಮರೆತುಹೋಗಿರುತ್ತದೆ; ಆಗ ಇದರ ಬೆಲೆ ಗೊತ್ತಾಗುತ್ತದೆ.

ಚಿತ್ರಕಥೆಯ ಬದಲು ತಿಳಿವಳಿಕೆಯ ಹಂಚಿಕೆ

ಮಿಶ್ರ ಚಿತ್ರಕ್ಕೆ ಸಂಭಾಷಣೆ ಬರೆಯಲು ಕೂರಬೇಡಿ. ನಟನಲ್ಲದವನ ಬಾಯಿಗೆ ಬರೆದ ವಾಕ್ಯವನ್ನು ಇಟ್ಟ ಕೂಡಲೇ ಅವನ ಮಾತಿನ ಲಯ ಸತ್ತುಹೋಗುತ್ತದೆ, ಪಕ್ಕದಲ್ಲಿರುವ ನಟಿಯೂ ಸುಳ್ಳಾಗಿ ಕಾಣತೊಡಗುತ್ತಾಳೆ. ಅದರ ಬದಲು ಪ್ರತಿ ದೃಶ್ಯಕ್ಕೂ ಯಾರಿಗೆ ಏನು ಗೊತ್ತು, ಏನು ಗೊತ್ತಿಲ್ಲ, ಯಾರಿಗೆ ಏನು ಬೇಕು ಎಂಬುದನ್ನು ಬರೆಯಿರಿ. ನಟಿಗೆ ಗೊತ್ತು: ಈ ಗಡಿಯಾರ ತಂದೆಯದು, ಅದು ನಿಂತಿದ್ದು ಅವರು ತೀರಿಕೊಂಡ ವಾರ. ನಟಿಗೆ ಬೇಕಾದದ್ದು: ಗಡಿಯಾರ ಓಡಬೇಕು, ಆದರೆ ಅದರ ಮುಳ್ಳು ನಿಂತ ಜಾಗದಿಂದ ಕದಲುವುದನ್ನು ನೋಡಲು ಮನಸ್ಸಿಲ್ಲ. ಹಿರಿಯರಿಗೆ ಗೊತ್ತಿರುವುದು: ಇವಳು ನಟಿ, ಇದು ಚಿತ್ರೀಕರಣ, ತರುವ ಗಡಿಯಾರ ನಿಜವಾಗಿಯೂ ಕೆಟ್ಟಿದೆ. ಅವರಿಗೆ ಗೊತ್ತಿಲ್ಲದ್ದು: ಗಡಿಯಾರದ ಹಿಂದಿನ ಕಥೆ.

‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ (1999) ಎಂಬ ಭಯಾನಕ ಕಥಾಚಿತ್ರ ಮಾಡಿದವರು ಈ ಹಂಚಿಕೆಯನ್ನೇ ತಮ್ಮ ವಿಧಾನವಾಗಿ ಮಾಡಿಕೊಂಡಿದ್ದರು. ಕಾಡಿನಲ್ಲಿ ತಾವೇ ಕ್ಯಾಮೆರಾ ಹಿಡಿದು ನಡೆಯುತ್ತಿದ್ದ ಮೂವರು ನಟರಿಗೆ ದಿನದಿನವೂ ಬೇರೆ ಬೇರೆ ಚೀಟಿಗಳು ಸಿಗುತ್ತಿದ್ದವು. ಒಬ್ಬರ ಚೀಟಿಯಲ್ಲಿ ಏನಿದೆ ಎಂದು ಮತ್ತೊಬ್ಬರಿಗೆ ತಿಳಿಯುತ್ತಿರಲಿಲ್ಲ. ಬ್ರಿಟನ್ನಿನ ನಿರ್ದೇಶಕ ಕೆನ್ ಲೋಚ್ ಕಥೆಯ ಕ್ರಮದಲ್ಲೇ ಚಿತ್ರೀಕರಿಸುತ್ತಾ, ನಟರಿಗೆ ಮುಂದಿನ ಪುಟಗಳನ್ನು ಕೊಡದೆ ಇರುವುದೂ ಇದೇ ಕಾರಣಕ್ಕೆ. ಖರ್ಚು ಹೆಚ್ಚಾದರೂ ಕ್ರಮವಾಗಿ ಚಿತ್ರೀಕರಿಸುವುದನ್ನು ನಾನು ಬಲವಾಗಿ ಸೂಚಿಸುತ್ತೇನೆ, ಏಕೆಂದರೆ ನಟನಲ್ಲದ ವ್ಯಕ್ತಿಗೆ ನಿನ್ನೆ ನಡೆದದ್ದರ ನೆನಪು ಇವತ್ತಿನ ದೃಶ್ಯಕ್ಕೆ ಆಧಾರವಾಗುತ್ತದೆ. ಮೂರನೆಯ ಭೇಟಿಯನ್ನು ಮೊದಲು ಚಿತ್ರಿಸಿದರೆ ಇಲ್ಲದ ಪರಿಚಯವನ್ನು ಅವರು ನಟಿಸಬೇಕಾಗುತ್ತದೆ.

ಅಚ್ಚರಿಗೂ ಒಂದು ಮಿತಿ ಇದೆ. ದೃಶ್ಯದ ಒಳಗಿನ ವಿವರವನ್ನು ಮುಚ್ಚಿಡಬಹುದು. ದೃಶ್ಯದ ಹೊರಗಿನ ಸತ್ಯವನ್ನು, ಅಂದರೆ ಎದುರಿಗೆ ಬರುವವಳು ನಟಿ ಎಂಬುದನ್ನು ಮುಚ್ಚಿಡಬಾರದು. ಗೊತ್ತಿದ್ದರೆ ಅವರ ಪ್ರತಿಕ್ರಿಯೆ ಸಹಜವಾಗಿರುವುದಿಲ್ಲ ಎಂದು ಹೆದರಬೇಡಿ. ಬಂದವಳು ನಟಿಯೇ ಆದರೂ ಎದುರಿಗಿರುವುದು ಕೆಟ್ಟ ಗಡಿಯಾರ. ಅದನ್ನು ಬಿಚ್ಚಲು ಶುರುಮಾಡಿದರೆ ಕಸುಬುದಾರನ ಮನಸ್ಸು ಅದರಲ್ಲೇ ನೆಡುತ್ತದೆ, ಮಾತು ತಾನಾಗಿ ಹಿಂಬಾಲಿಸುತ್ತದೆ.

ತಾನಾಗಿಯೇ ಕಾಣಿಸಿಕೊಳ್ಳುವವರ ಜೊತೆ ಕೆಲಸ

ಅವರಿಗೆ ಭಾವವನ್ನು ಸೂಚಿಸಬೇಡಿ, ಕೆಲಸ ಕೊಡಿ. ‘ಇಲ್ಲಿ ಸ್ವಲ್ಪ ಬೇಸರದಿಂದ ಹೇಳಿ’ ಎಂದರೆ ಅವರು ತಾವು ಎಲ್ಲೋ ನೋಡಿದ ಬೇಸರವನ್ನು ಅನುಕರಿಸುತ್ತಾರೆ. ‘ಈ ಸ್ಪ್ರಿಂಗ್ ಏಕೆ ಮುರಿಯಿತೆಂದು ಇವರಿಗೆ ತೋರಿಸಿ’ ಎಂದರೆ ಕೈ, ಕಣ್ಣು, ದನಿ ಎಲ್ಲವೂ ತಮ್ಮ ತಮ್ಮ ಜಾಗಕ್ಕೆ ಬರುತ್ತವೆ. ನಟಿಗೆ ಮಾತ್ರ ಗುಟ್ಟಾಗಿ ನಿರ್ದೇಶನ ಕೊಡಿ. ದೃಶ್ಯದ ದಿಕ್ಕನ್ನು ಆಕೆಯ ಪ್ರಶ್ನೆಗಳ ಮೂಲಕ ತಿರುಗಿಸಿ. ಹೀಗಾಗಿ ಮಿಶ್ರ ಚಿತ್ರದ ನಟನಿಗೆ ಎಲ್ಲಕ್ಕಿಂತ ಮುಖ್ಯವಾಗಿ ಬೇಕಾದ ಗುಣ ಕೇಳಿಸಿಕೊಳ್ಳುವುದು. ಸೊಗಸಾಗಿ ನಟಿಸಿ ಗಮನವನ್ನೆಲ್ಲ ತನ್ನತ್ತ ಸೆಳೆದುಕೊಳ್ಳುವ ನಟಿಗಿಂತ, ತಾನು ಕೇಳಬೇಕಾದದ್ದನ್ನು ಮರೆತರೂ ಎದುರಿನವರ ಮಾತು ಮುಗಿಯುವವರೆಗೆ ಕಾಯುವ ನಟಿ ಇಲ್ಲಿ ಸಾವಿರ ಪಾಲು ಮೇಲು.

ಮೊದಲ ಟೇಕ್‌ಗೆ ಎಲ್ಲ ಸಿದ್ಧತೆಯೂ ಮುಗಿದಿರಲಿ, ಏಕೆಂದರೆ ಅದೇ ಹೆಚ್ಚಾಗಿ ನಿಮಗೆ ಉಳಿಯುವ ಟೇಕ್. ಫೋಕಸ್ ತಪ್ಪಿದರೂ ನಡುವೆ ನಿಲ್ಲಿಸಬೇಡಿ. ಎರಡನೆಯ ಸಲ ಬೇಕೇ ಬೇಕೆಂದಾದರೆ ಕೆಲಸವನ್ನು ಮತ್ತೆ ಮಾಡಿಸಬಹುದು, ಗಡಿಯಾರದ ಮುಚ್ಚಳವನ್ನು ಮತ್ತೆ ತೆಗೆಸಬಹುದು. ಆದರೆ ಗಂಟಲು ಕಟ್ಟಿದ ಮಾತನ್ನು ಮತ್ತೆ ಹೇಳಿಸಬಾರದು. ನಾನೇ ಒಮ್ಮೆ ಆ ತಪ್ಪು ಮಾಡಿದ್ದೇನೆ. ತಮ್ಮ ತೀರಿಹೋದ ಅಣ್ಣನ ಪತ್ರವನ್ನು ಓದುತ್ತಾ ಮಾತು ನಿಲ್ಲಿಸಿದ ವೃದ್ಧರೊಬ್ಬರನ್ನು, ಮೈಕ್‌ನಲ್ಲಿ ಗೊರಗೊರ ಸದ್ದು ಬಂದಿತೆಂಬ ಕಾರಣಕ್ಕೆ, ಇನ್ನೊಮ್ಮೆ ಓದಿ ಎಂದು ಕೇಳಿದೆ. ಅವರು ಓದಿದರು, ಸರಿಯಾಗಿ ಅದೇ ಜಾಗದಲ್ಲಿ ನಿಲ್ಲಿಸಿದರು, ನನಗೆ ಬೇಕಾದದ್ದು ಅದೇ ಎಂದು ಅವರಿಗೆ ಅರ್ಥವಾಗಿತ್ತು. ಆ ಎರಡನೆಯ ಟೇಕನ್ನು ನಾನು ಬಳಸಲಿಲ್ಲ. ಅಂದು ಸಂಜೆ ಅವರ ಮುಖ ನೋಡಿ ಮಾತಾಡುವುದು ಕಷ್ಟವಾಯಿತು.

ಇನ್ನು ಸಂಭಾವನೆ. ನಟಿಗೆ ಸಂಬಳ ಕೊಟ್ಟು, ತಮ್ಮ ಬದುಕನ್ನೇ ಕೊಟ್ಟವರಿಗೆ ಒಂದು ಧನ್ಯವಾದ ಹೇಳಿ ಮುಗಿಸುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಸುದ್ದಿಯ ಸಾಕ್ಷ್ಯಚಿತ್ರದಲ್ಲಿ ಹಣ ಕೊಟ್ಟರೆ ಹೇಳಿಕೆ ಬದಲಾಗಬಹುದೆಂಬ ಅಳುಕಿಗೆ ಅರ್ಥವಿದೆ. ಕಲ್ಪಿತ ಸಂದರ್ಭಕ್ಕೆ ಬಂದು ಗಂಟೆಗಟ್ಟಲೆ ನಿಂತವರು ಮಾಡಿದ್ದು ಮಾತ್ರ ದುಡಿಮೆ. ಪಾತ್ರಧಾರಿಗಳು ಮಕ್ಕಳಾದರಂತೂ ಹೊಣೆ ಚಿತ್ರೀಕರಣಕ್ಕೆ ಮುಗಿಯುವುದಿಲ್ಲ. ಮೀರಾ ನಾಯರ್ ‘ಸಲಾಂ ಬಾಂಬೆ’ಗೆ (1988) ಬೀದಿಮಕ್ಕಳನ್ನು ಕಾರ್ಯಾಗಾರದ ಮೂಲಕ ಸಜ್ಜುಗೊಳಿಸಿದರು, ಚಿತ್ರದ ನಂತರ ಅಂಥ ಮಕ್ಕಳಿಗಾಗಿ ಸಲಾಂ ಬಾಲಕ್ ಟ್ರಸ್ಟ್ ಹುಟ್ಟಿಕೊಂಡಿತು.

ಒಪ್ಪಿಗೆ ಪತ್ರದಲ್ಲಿ ಸಾಮಾನ್ಯ ಸಾಲುಗಳ ಜೊತೆಗೆ ಒಂದು ವಿಶೇಷ ಸಾಲು ಇರಲೇಬೇಕು: ತಮ್ಮ ನಿಜವಾದ ಹೆಸರು ಮತ್ತು ಮುಖದ ಜೊತೆ ನಡೆಯದ ಘಟನೆಗಳೂ ತೆರೆಯ ಮೇಲೆ ಬರುತ್ತವೆ ಎಂಬುದು. ಇದನ್ನು ಓದಿಸಿದರೆ ಸಾಲದು, ಒಂದು ಉದಾಹರಣೆಯೊಡನೆ ಬಾಯಲ್ಲಿ ವಿವರಿಸಿ. ಸಂಕಲನದ ನಂತರ ಅವರು ಚಿತ್ರವನ್ನು ನೋಡಿ ಎರಡನೆಯ ಸಲ ಒಪ್ಪುವವರೆಗೆ ಮೊದಲ ಒಪ್ಪಿಗೆ ಪೂರ್ಣವಲ್ಲ ಎಂದೂ ಬರೆಯಿರಿ.

ಮುಂದೇನೆಂದು ತಿಳಿಯದ ಕ್ಯಾಮೆರಾ

ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ಅಲುಗಾಡಿಸಿದರೆ ಸಾಕ್ಷ್ಯಚಿತ್ರದ ಗುಣ ಬರುತ್ತದೆ ಎಂಬುದು ಹೊಸಬರ ದೊಡ್ಡ ತಪ್ಪು ತಿಳಿವಳಿಕೆ. ಒಳ್ಳೆಯ ಸಾಕ್ಷ್ಯಚಿತ್ರದ ಛಾಯಾಗ್ರಾಹಕರು ಕ್ಯಾಮೆರಾ ಅಲುಗದಂತೆ ಹಿಡಿಯಲು ಜೀವನವಿಡೀ ಶ್ರಮಿಸುತ್ತಾರೆ. ಕಥಾಚಿತ್ರಕ್ಕೂ ಸಾಕ್ಷ್ಯಚಿತ್ರಕ್ಕೂ ಇರುವ ಅಂತರ ಅಲುಗಾಟದಲ್ಲಿಲ್ಲ, ತಿಳಿವಳಿಕೆಯಲ್ಲಿದೆ. ಕಥಾಚಿತ್ರದ ಕ್ಯಾಮೆರಾಕ್ಕೆ ಮುಂದೇನು ನಡೆಯುತ್ತದೆ ಎಂಬುದು ಗೊತ್ತು; ಮಾತಾಡುವವನ ಮುಖದ ಮೇಲೆ ಅದು ಮಾತಿಗಿಂತ ಮೊದಲೇ ಹೋಗಿ ಕೂತಿರುತ್ತದೆ. ಸಾಕ್ಷ್ಯಚಿತ್ರದ ಕ್ಯಾಮೆರಾ ಮಾತು ಕೇಳಿದ ಮೇಲೆ ತಿರುಗುತ್ತದೆ, ಹಾಗಾಗಿ ಸದಾ ಅರ್ಧ ಗಳಿಗೆ ತಡ. ಆ ತಡವೇ ನೋಡುವವರಲ್ಲಿ ನಂಬಿಕೆ ಹುಟ್ಟಿಸುವುದು.

ಇದನ್ನು ಸಾಧಿಸುವ ದಾರಿ ಸರಳವಾಗಿದೆ: ಛಾಯಾಗ್ರಾಹಕರಿಗೆ ದೃಶ್ಯದ ವಿವರ ಹೇಳಬೇಡಿ. ಯಾರು ಮೊದಲು ಮಾತಾಡುತ್ತಾರೆ, ನಟಿ ಯಾವಾಗ ಎದ್ದು ಹೋಗುತ್ತಾಳೆ ಎಂಬುದು ಅವರಿಗೆ ಗೊತ್ತಿಲ್ಲದಿದ್ದರೆ ಅವರು ಕಣ್ಣಿಗಿಂತ ಕಿವಿಯಿಂದ ಕೆಲಸ ಮಾಡಲು ತೊಡಗುತ್ತಾರೆ. ತಪ್ಪಾಗಿ ತಿರುಗಿದರೆ ತಪ್ಪು ಹಾಗೇ ಇರಲಿ. ಹಾಗೆಯೇ ಒಂದೇ ಕ್ಯಾಮೆರಾ ಬಳಸಿ, ಮತ್ತು ಅದು ಒಂದೇ ಎಂಬುದನ್ನು ಸಂಕಲನದಲ್ಲೂ ಗೌರವಿಸಿ. ಹಿರಿಯರ ಮುಖದಿಂದ ನಟಿಯ ಮುಖಕ್ಕೆ, ಅಲ್ಲಿಂದ ಮತ್ತೆ ಹಿರಿಯರ ಮುಖಕ್ಕೆ ಚಕಚಕನೆ ಕಟ್ ಮಾಡಿದರೆ, ಒಂದು ಕ್ಯಾಮೆರಾ ಒಂದೇ ಕ್ಷಣದಲ್ಲಿ ಎರಡು ಕಡೆ ಇರಲಾರದೆಂದು ನೋಡುವವರ ಮನಸ್ಸು ಲೆಕ್ಕ ಹಾಕಿಬಿಡುತ್ತದೆ. ಬಾಯಿಬಿಟ್ಟು ಹೇಳಲಾಗದಿದ್ದರೂ ನಂಬಿಕೆ ಸಡಿಲವಾಗುತ್ತದೆ.

ಪ್ರತಿ ಶಾಟ್‌ಗೂ ನಾಲ್ಕು ಪ್ರಶ್ನೆ ಕೇಳಿಕೊಳ್ಳುವುದು ನನ್ನ ರೂಢಿ. ಕ್ಯಾಮೆರಾ ಹಿಡಿದವರು ಎಲ್ಲಿ ನಿಂತಿದ್ದಾರೆ? ಅಲ್ಲಿಗೆ ಹೇಗೆ ಬಂದರು? ಯಾರು ಒಳಗೆ ಬಿಟ್ಟರು? ಈ ಹೊತ್ತಿನಲ್ಲೂ ಕ್ಯಾಮೆರಾವನ್ನು ಕೆಳಗಿಡದೆ ಇರುವುದು ಏಕೆ? ನಟಿ ತನ್ನ ಮನೆಯ ಬಾಗಿಲು ತೆರೆದು ಒಳಗೆ ಬರುವ ಶಾಟನ್ನು ಮನೆಯೊಳಗಿನಿಂದ ತೆಗೆದರೆ, ಆಕೆಗಿಂತ ಮೊದಲು ಒಳಗೆ ಹೋದವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಆಕೆಯ ಬೆನ್ನ ಹಿಂದೆ ಹೋಗಿ, ಬಾಗಿಲಲ್ಲಿ ಒಂದು ಕ್ಷಣ ಬೆಳಕಿಗೆ ಹೊಂದಿಕೊಂಡು ಒಳಗೆ ಬಂದರೆ ಪ್ರಶ್ನೆಯೇ ಇಲ್ಲ. ಪಾತ್ರಗಳಿಗೆ ಕ್ಯಾಮೆರಾ ಇರುವುದು ಗೊತ್ತಿರಬೇಕು. ಅವರು ಆಗೊಮ್ಮೆ ಈಗೊಮ್ಮೆ ಅದರತ್ತ ನೋಡಲಿ, ಒಮ್ಮೆ ‘ಇದನ್ನು ತೆಗೆಯಬೇಡಿ’ ಎಂದು ಹೇಳಲಿ. ಪೀಟರ್ ವಾಟ್ಕಿನ್ಸ್ 1964ರ ‘ಕಲೋಡನ್’ನಲ್ಲಿ, 1746ರ ಸ್ಕಾಟ್‌ಲೆಂಡಿನ ಯುದ್ಧಭೂಮಿಗೆ ದೂರದರ್ಶನದ ತಂಡವೊಂದು ಹೋಗಿದ್ದರೆ ಹೇಗಿರುತ್ತಿತ್ತೋ ಹಾಗೆ ಸೈನಿಕರನ್ನು ಮಾತಾಡಿಸಿದರು. ಅದು ಅಸಾಧ್ಯವೆಂದು ಎಲ್ಲರಿಗೂ ಗೊತ್ತು. ಆದರೂ ಹಸಿದ ಸೈನಿಕ ಕ್ಯಾಮೆರಾವನ್ನು ನೇರವಾಗಿ ನೋಡಿದಾಗ ಇನ್ನೂರು ವರ್ಷಗಳ ಅಂತರ ಇಲ್ಲವಾಗುತ್ತದೆ, ಏಕೆಂದರೆ ಆ ಕ್ಯಾಮೆರಾ ತನ್ನ ನಿಯಮವನ್ನು ಎಲ್ಲೂ ಮುರಿಯುವುದಿಲ್ಲ.

ಇದಕ್ಕೆ ವಿರುದ್ಧವಾದ ದಾರಿಯೂ ಇದೆ, ನನಗೆ ಅದು ಇನ್ನೂ ಪ್ರಿಯ. ನಿಜವಾದದ್ದನ್ನೆಲ್ಲ ಟ್ರೈಪಾಡ್ ಮೇಲೆ, ಅಳೆದು ಕೂರಿಸಿದ ಚೌಕಟ್ಟಿನಲ್ಲಿ ಚಿತ್ರಿಸಿ, ಕಲ್ಪಿತವಾದದ್ದನ್ನು ಕೈಯಲ್ಲಿ ಹಿಡಿದು ತೆಗೆಯುವುದು. ನೋಡುವವರು ರೂಢಿಯಂತೆ ಅಲುಗಾಡುವುದನ್ನು ನಿಜವೆಂದೂ ನಿಶ್ಚಲವಾದುದನ್ನು ಕಥೆಯೆಂದೂ ಓದಿಕೊಳ್ಳುತ್ತಾರೆ. ಚಿತ್ರ ಸಾಗಿದಂತೆ ಆ ಓದು ತಪ್ಪೆಂದು ಅವರಿಗೇ ತಿಳಿಯುತ್ತದೆ. ಇದನ್ನು ಕೈಗೊಳ್ಳುವವರು ಮೊದಲ ದೃಶ್ಯದಿಂದಲೇ ಕೈಗೊಳ್ಳಬೇಕು, ನಡುವೆ ಬದಲಿಸಿದರೆ ಬರಿಯ ಗೊಂದಲವಾಗುತ್ತದೆ.

ಬೆಳಕಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಜಾಗದಲ್ಲಿರುವ ದೀಪಗಳನ್ನೇ ಬಳಸಿ, ಸಾಲದಿದ್ದರೆ ಅದೇ ದೀಪದ ಬಲ್ಬನ್ನು ಹೆಚ್ಚು ಪ್ರಖರವಾದುದಕ್ಕೆ ಬದಲಿಸಿ.

ಧ್ವನಿ

ಚಿತ್ರ ಕದಡಿದ್ದರೆ ಜನ ಸಹಿಸುತ್ತಾರೆ. ಧ್ವನಿ ಅತಿ ಶುಚಿಯಾಗಿದ್ದರೆ ಅನುಮಾನಿಸುತ್ತಾರೆ. ಕಲ್ಪಿತ ದೃಶ್ಯಗಳ ಮಾತನ್ನು ಸ್ಟುಡಿಯೋದಲ್ಲಿ ಡಬ್ ಮಾಡಬೇಡಿ, ಹೆಜ್ಜೆ ಸದ್ದು ಬಾಗಿಲ ಸದ್ದುಗಳನ್ನು ಹೊಸದಾಗಿ ಸೇರಿಸಬೇಡಿ. ನಿಜವಾದ ದೃಶ್ಯಕ್ಕೆ ಯಾವ ಮೈಕ್ ಬಳಸಿದಿರೋ ಕಲ್ಪಿತ ದೃಶ್ಯಕ್ಕೂ ಅದನ್ನೇ, ಅಷ್ಟೇ ದೂರದಲ್ಲಿ ಬಳಸಿ. ಪ್ರತಿ ಜಾಗದಲ್ಲೂ ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷ ಆ ಕೋಣೆಯ ಮೌನವನ್ನು, ಅಂದರೆ ರೂಮ್ ಟೋನನ್ನು, ರೆಕಾರ್ಡ್ ಮಾಡಿಕೊಳ್ಳಿ. ಗಡಿಯಾರದ ಅಂಗಡಿಯಲ್ಲಿ ಇದು ಇನ್ನೂ ಮುಖ್ಯ: ಗೋಡೆಯ ಗಡಿಯಾರಗಳ ಟಿಕ್‌ಟಿಕ್ ಪ್ರತಿ ಕಟ್‌ನಲ್ಲೂ ತಾಳ ತಪ್ಪುತ್ತದೆ, ಮಾತಿನ ನಡುವೆ ಗಂಟೆ ಹೊಡೆದರೆ ಆ ಮಾತನ್ನು ಎಲ್ಲೂ ಕತ್ತರಿಸಲಾಗುವುದಿಲ್ಲ. ಹಾಗೆಂದು ಅವನ್ನೆಲ್ಲ ನಿಲ್ಲಿಸಿಬಿಟ್ಟರೆ ಅಂಗಡಿ ಅಂಗಡಿಯಾಗಿ ಉಳಿಯುವುದಿಲ್ಲ. ಗಂಟೆ ಹೊಡೆಯುವ ಒಂದೆರಡನ್ನು ಮಾತ್ರ ಹಿರಿಯರ ಅನುಮತಿ ಪಡೆದು ನಿಲ್ಲಿಸಿ, ಉಳಿದವುಗಳ ಸದ್ದನ್ನು ರೂಮ್ ಟೋನ್ ಆಗಿ ಕಟ್‌ಗಳ ಕೆಳಗೆ ಹಾಸಿ.

ಮಾತುಗಳು ಒಂದರ ಮೇಲೊಂದು ಬೀಳಲಿ. ಸಂದರ್ಶನವಿದ್ದರೆ ಕೇಳುವವರ ದನಿಯನ್ನು ಪೂರ್ತಿ ಅಳಿಸಬೇಡಿ. ಉತ್ತರ ಮುಗಿದ ಮೇಲೆ ಮೂರು ನಾಲ್ಕು ಉಸಿರಿನಷ್ಟು ಸುಮ್ಮನಿರಿ, ನಿಜವಾದ ಉತ್ತರ ಅನೇಕ ಸಲ ಆಗಲೇ ಬರುತ್ತದೆ.

ಹಳೆಯ ದಾಖಲೆಯನ್ನು ಸೃಷ್ಟಿಸುವಾಗ

ಕಲ್ಪಿತ ತಂದೆಗೆ ಒಂದು ಹಳೆಯ ಮನೆ ವಿಡಿಯೊ ಬೇಕಾಗಬಹುದು. ಈಗಿನ ಚಿತ್ರಕ್ಕೆ ಕಂಪ್ಯೂಟರಿನಲ್ಲಿ ಗೀರು ಮತ್ತು ಕಲೆ ಸೇರಿಸುವುದಕ್ಕಿಂತ, ಆ ಕಾಲದ ಸಾಧನದಲ್ಲೇ ಚಿತ್ರೀಕರಿಸುವುದು ಉತ್ತಮ. ವುಡಿ ಆಲನ್‌ರ 1983ರ ಮಾಕ್ಯುಮೆಂಟರಿ ‘ಜೆಲಿಗ್’ಗಾಗಿ ಛಾಯಾಗ್ರಾಹಕ ಗಾರ್ಡನ್ ವಿಲ್ಲಿಸ್ ಹಳೆಯ ಕಾಲದ ಲೆನ್ಸುಗಳನ್ನು ಹುಡುಕಿ ಬಳಸಿದರು, ನೆಗೆಟಿವ್‌ಗೆ ನಿಜವಾಗಿಯೇ ಗೀರು ಬೀಳುವಂತೆ ಮಾಡಿದರು. ಅಲ್ಜೀರಿಯಾದ ಸ್ವಾತಂತ್ರ್ಯ ಹೋರಾಟದ ಕಥಾಚಿತ್ರ ‘ದಿ ಬ್ಯಾಟಲ್ ಆಫ್ ಅಲ್ಜಿಯರ್ಸ್’ (1966) ಎಷ್ಟರಮಟ್ಟಿಗೆ ಸುದ್ದಿಚಿತ್ರದಂತೆ ಕಾಣುತ್ತಿತ್ತೆಂದರೆ, ಅದರಲ್ಲಿ ಒಂದಡಿ ಸುದ್ದಿಚಿತ್ರವನ್ನೂ ಬಳಸಿಲ್ಲ ಎಂಬ ಸೂಚನೆಯನ್ನು ಸೇರಿಸಬೇಕಾಯಿತು. ಹಳೆಯ ಮನೆ ವಿಡಿಯೊ ತೆಗೆಯುವಾಗ ಕ್ಯಾಮೆರಾವನ್ನು ವೃತ್ತಿಪರರ ಕೈಗೆ ಕೊಡಬೇಡಿ; ತಂದೆಯ ಪಾತ್ರಧಾರಿಯನ್ನು ಚಿತ್ರಿಸುವವಳು ಮಗಳ ಪಾತ್ರದ ನಟಿಯೇ ಆಗಿರಲಿ. ಕೃತಕ ಬುದ್ಧಿಮತ್ತೆಯಿಂದ ಮಾಡಿದ ಹಳೆಯ ಫೋಟೊಗಳ ವಿಷಯದಲ್ಲಿ ನನ್ನ ನಿಲುವು ಕಠಿಣ: ಕಲ್ಪಿತ ಪಾತ್ರಕ್ಕೆ ಬಳಸಿದರೆ ಕೊನೆಯಲ್ಲಿ ತಿಳಿಸಿ, ನಿಜವಾದ ವ್ಯಕ್ತಿಗೆ ಎಂದೂ ಬಳಸಬೇಡಿ.

ಸಂಕಲನದ ಮೇಜಿನಲ್ಲಿ

ನಂಬಿಕೆ ಉಳಿಯುವುದೂ ಒಡೆಯುವುದೂ ಇಲ್ಲೇ. ಗೆರೆಯ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ನಿಜ, ಕಲ್ಪಿತ, ಮರುಸೃಷ್ಟಿ ಎಂದು ತುಣುಕುಗಳಿಗೆ ಮೂರು ಬಣ್ಣ ಹಚ್ಚಿ. ಮೊದಲು ನಿಜವಾದ ತುಣುಕುಗಳನ್ನು ಮಾತ್ರ ಜೋಡಿಸಿ ನೋಡಿ. ಅದು ಎಲ್ಲಿ ಉಸಿರು ಕಟ್ಟಿ ನಿಲ್ಲುತ್ತದೆಯೋ ಅಲ್ಲಿಗೆ ಕಲ್ಪಿತವನ್ನು ತನ್ನಿ. ಈ ಕ್ರಮವನ್ನು ತಿರುಗಿಸಿದರೆ, ಅಂದರೆ ಕಥೆಯನ್ನು ಮೊದಲು ಕಟ್ಟಿ ನಡುನಡುವೆ ನಿಜವನ್ನು ತುಂಬಿದರೆ, ನಿಜವಾದ ಮನುಷ್ಯ ನಿಮ್ಮ ಕಥೆಗೆ ಅಲಂಕಾರವಾಗಿ ಉಳಿಯುತ್ತಾನೆ.

ಎಲ್ಲಕ್ಕಿಂತ ದೊಡ್ಡ ಪ್ರಲೋಭನೆ ಪ್ರತಿಕ್ರಿಯೆಯನ್ನು ಸ್ಥಳಾಂತರಿಸುವುದು. ನಟಿ ‘ಅಪ್ಪ ಹೋದ ವಾರವೇ ಇದು ನಿಂತಿತು’ ಎಂದಾಗ ಹಿರಿಯರು ಸ್ಕ್ರೂ ತಿರುಗಿಸುತ್ತಾ ‘ಸೆಲ್ ಮುಗಿದಿರುತ್ತೆ’ ಎಂದಷ್ಟೇ ಹೇಳಿದರು ಎಂದಿಟ್ಟುಕೊಳ್ಳಿ. ಅಂದು ಬೆಳಿಗ್ಗೆ ಚಿತ್ರಿಸಿದ, ಅವರು ಕಿಟಕಿಯಾಚೆ ದೀರ್ಘವಾಗಿ ನೋಡುತ್ತಾ ಕೂತ ಶಾಟ್ ಒಂದು ನಿಮ್ಮ ಬಳಿ ಇದೆ. ಅದನ್ನು ತಂದು ಆ ಮಾತಿನ ನಂತರ ಇಟ್ಟರೆ ಸಭಾಂಗಣವೆಲ್ಲ ಕರಗುತ್ತದೆ. ಕಥಾಚಿತ್ರದಲ್ಲಿ ಇದು ಸಹಜ ಕೌಶಲ. ಇಲ್ಲಿ ಇದು ಅವರ ಬಾಯಲ್ಲಿ ಅವರಾಡದ ಮಾತನ್ನು ಇಟ್ಟ ಹಾಗೆ. ‘ಸೆಲ್ ಮುಗಿದಿರುತ್ತೆ’ ಎಂಬುದನ್ನೇ ಉಳಿಸಿಕೊಳ್ಳಿ. ದುಃಖ ಹೊತ್ತು ತಂದ ವಸ್ತುವನ್ನು ಯಂತ್ರವಾಗಿ ಮಾತ್ರ ನೋಡುವ ಅಭ್ಯಾಸದಿಂದಲೇ ಅವರು ಅಷ್ಟು ವರ್ಷ ಅಂಗಡಿಯಲ್ಲಿ ಕೂರಲು ಸಾಧ್ಯವಾಗಿರಬಹುದು. ನೀವು ಬರೆಯಲಾಗದಿದ್ದ ಸಾಲು ಅದು. ಬೆರಕೆಯ ಶ್ರಮವೆಲ್ಲ ಇಂಥ ಸಾಲಿಗಾಗಿಯೇ.

ನೋಡುವವರಿಗೆ ಯಾವಾಗ, ಎಷ್ಟು ತಿಳಿಸಬೇಕು

ಇದಕ್ಕೆ ಒಂದೇ ಉತ್ತರವಿಲ್ಲ. ಹಾಸ್ಯದ ಮಾಕ್ಯುಮೆಂಟರಿಗೆ ನಗುವೇ ಸೂಚನೆ. ಆರ್ಸನ್ ವೆಲ್ಸ್ 1973ರ ‘ಎಫ್ ಫಾರ್ ಫೇಕ್’ನಲ್ಲಿ ಮುಂದಿನ ಒಂದು ಗಂಟೆ ಸತ್ಯವನ್ನೇ ಹೇಳುತ್ತೇನೆಂದು ಮಾತು ಕೊಟ್ಟು, ಆ ಗಂಟೆ ಮುಗಿದದ್ದನ್ನು ನಾವು ಗಮನಿಸದೆ ಇರುವಾಗ ಕಟ್ಟುಕಥೆ ಹೇಳಿ, ಕೊನೆಗೆ ತಾನೇ ಒಪ್ಪಿಕೊಳ್ಳುತ್ತಾರೆ, ಅಲ್ಲಿ ತಿಳಿಸುವ ಗಳಿಗೆಯೇ ಚಿತ್ರದ ಶಿಖರ. ಇದಕ್ಕೆ ಎದುರಾಗಿ, 1995ರಲ್ಲಿ ನ್ಯೂಜಿಲೆಂಡಿನ ದೂರದರ್ಶನದಲ್ಲಿ ಪ್ರಸಾರವಾದ ‘ಫಾರ್ಗಾಟನ್ ಸಿಲ್ವರ್’ ಮರೆತುಹೋದ ಚಿತ್ರನಿರ್ಮಾಪಕನೊಬ್ಬನ ಕಲ್ಪಿತ ಕಥೆಯನ್ನು ಸಾಕ್ಷ್ಯಚಿತ್ರವಾಗಿ ತೋರಿಸಿದಾಗ ಅನೇಕರು ನಂಬಿದರು, ಸತ್ಯ ತಿಳಿದ ಮೇಲೆ ಕೆಲವರು ಸಿಟ್ಟಾದರು. ನಿಮ್ಮ ಚಿತ್ರವನ್ನು ನಂಬಿ ಯಾರಾದರೂ ಏನನ್ನಾದರೂ ಮಾಡುವ ಸಾಧ್ಯತೆ ಇದ್ದರೆ, ಅಂದರೆ ದೇಣಿಗೆ ಕೊಡುವ, ಔಷಧ ಬಿಡುವ, ಯಾರನ್ನೋ ದೂರುವ ಸಾಧ್ಯತೆ ಇದ್ದರೆ, ಸೂಚನೆ ಆರಂಭದಲ್ಲೇ ಬರಬೇಕು. ಉಳಿದ ಚಿತ್ರಗಳಿಗೆ ಕೊನೆಯ ಟೈಟಲ್ ಸಾಕು, ಆದರೆ ಅದು ಓದಲು ಸಾಧ್ಯವಾಗುವಷ್ಟು ಹೊತ್ತು ನಿಲ್ಲಲಿ, ಸ್ಪಷ್ಟವಾಗಿರಲಿ. ‘ನಿಜ ಘಟನೆಗಳಿಂದ ಪ್ರೇರಿತ’ ಎಂಬ ಸಾಲು ಏನನ್ನೂ ಹೇಳುವುದಿಲ್ಲ. ‘ಅಂಗಡಿ ಮತ್ತು ಅದರ ಮಾಲೀಕರು ನಿಜ, ಅವರ ಮಾತುಗಳು ಅವರವೇ, ಮಗಳು ಮತ್ತು ಆಕೆಯ ತಂದೆ ಕಲ್ಪಿತ ಪಾತ್ರಗಳು’ ಎಂಬುದು ಎಲ್ಲವನ್ನೂ ಹೇಳುತ್ತದೆ.

ಚಿತ್ರೀಕರಣದ ಜಾಗದಲ್ಲಿ ಸುಮ್ಮನೆ ಹಾದುಹೋಗುವವರಿಗೂ ಇದೇ ನ್ಯಾಯ. ಜಗಳ, ಅಪಘಾತ, ಅಳು ಇಂಥದ್ದನ್ನು ಬೀದಿಯಲ್ಲಿ ಅಭಿನಯಿಸುವಾಗ ಚಿತ್ರೀಕರಣ ನಡೆಯುತ್ತಿದೆ ಎಂಬ ಫಲಕ ಕಣ್ಣಿಗೆ ಬೀಳುವಂತೆ ಇರಲಿ, ಪೊಲೀಸರಿಗೆ ಮೊದಲೇ ತಿಳಿಸಿ. ಸಹಾಯಕ್ಕೆ ಓಡಿಬಂದ ಅಪರಿಚಿತನ ಗಾಬರಿ ಎಷ್ಟೇ ಸಹಜವಾಗಿ ಮೂಡಿದ್ದರೂ, ಅವನಿಗೆ ಎಲ್ಲ ವಿವರಿಸಿ ಒಪ್ಪಿಗೆ ಪಡೆಯದೆ ಬಳಸಬೇಡಿ.

ಮೊದಲ ಪ್ರದರ್ಶನ

ಝಾನ್ ರೂಶ್ ಮತ್ತು ಎಡ್ಗರ್ ಮೊರಾನ್ 1961ರ ‘ಕ್ರಾನಿಕಲ್ ಆಫ್ ಎ ಸಮ್ಮರ್’ ಮಾಡಿದಾಗ, ಚಿತ್ರಿಸಿದ್ದನ್ನು ಅದರಲ್ಲಿ ಕಾಣಿಸಿಕೊಂಡವರಿಗೇ ತೋರಿಸಿ, ಅವರ ಚರ್ಚೆಯನ್ನೂ ಚಿತ್ರದೊಳಗೆ ಸೇರಿಸಿದರು. ಕೆಲವರು ಅದನ್ನು ತೀರ ಕೃತಕವೆಂದರು, ಕೆಲವರು ತೀರ ಖಾಸಗಿಯೆಂದರು. ನೀವು ಚರ್ಚೆಯನ್ನು ಚಿತ್ರಕ್ಕೆ ಸೇರಿಸಬೇಕೆಂದಿಲ್ಲ, ಆದರೆ ಪ್ರದರ್ಶನವನ್ನು ಬಿಡಬೇಡಿ. ಅಂತಿಮ ಧ್ವನಿ ಮಿಶ್ರಣಕ್ಕೆ ಮೊದಲು, ಕನಿಷ್ಠ ಎರಡು ವಾರಗಳ ಬಿಡುವು ಇಟ್ಟುಕೊಂಡು, ಚಿತ್ರವನ್ನು ಹಿರಿಯರ ಮನೆಗೆ ಒಯ್ಯಿರಿ. ಅವರು ಇಷ್ಟಪಟ್ಟವರನ್ನು ಜೊತೆಗೆ ಕೂರಿಸಿಕೊಳ್ಳಲಿ. ನಡುವೆ ಮಾತಾಡಬೇಡ, ವಿವರಣೆ ಕೊಡಬೇಡ ಎಂದು ನಿಮಗೆ ನೀವೇ ಹೇಳಿಕೊಳ್ಳಿ. ಚಿತ್ರ ಮುಗಿದ ಮೇಲೆ ‘ಹೇಗಿದೆ’ ಎಂದು ಕೇಳಬೇಡಿ, ಸೌಜನ್ಯಕ್ಕೆ ಚೆನ್ನಾಗಿದೆ ಎನ್ನುತ್ತಾರೆ. ‘ನಾನು ಹೀಗೆ ಹೇಳುವವನಲ್ಲ ಎಂದು ನಿಮಗೆ ಎನ್ನಿಸಿದ ಜಾಗ ಯಾವುದಾದರೂ ಇದೆಯೇ’ ಎಂದು ಕೇಳಿ. ಅವರು ತೋರಿಸಿದ ಜಾಗವನ್ನು ಪುಸ್ತಕದಲ್ಲಿ ಬರೆದುಕೊಂಡು, ಮರುದಿನ ಕತ್ತರಿಸಿ, ಬದಲಾದ ಪ್ರತಿಯನ್ನು ಇನ್ನೊಮ್ಮೆ ಅವರಿಗೆ ತೋರಿಸಿದ ಮೇಲೆ ಎರಡನೆಯ ಸಹಿ ಪಡೆಯಿರಿ. ಧ್ವನಿ ಮಿಶ್ರಣದ ದಿನಾಂಕ ಗೊತ್ತುಮಾಡುವುದು ಆಮೇಲೆ.